ಸಾರ್ಲಾದಲ್ಲಿ ಐದು ರಾತ್ರಿ: ಫ್ರಾನ್ಸಿನ ಹಳ್ಳಿಗಾಡಿನಲ್ಲಿ ದಿನದ ತಿರುಗಾಟಗಳನ್ನು ಆರಿಸುವ ಬಗೆ

ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ದೊರ್ದೋನ್ ಜಿಲ್ಲೆಯನ್ನು ಅಲ್ಲಿನ ಜನರು ಇಂದಿಗೂ ಪೆರಿಗೋರ್ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅದರ ಆಗ್ನೇಯ ಮೂಲೆಗೆ ಕಪ್ಪು ಪೆರಿಗೋರ್ ಎಂದು ಹೆಸರು. ದಟ್ಟವಾದ ಓಕ್ ಕಾಡುಗಳಿಂದ ಬಂದ ಹೆಸರದು. ಈ ಮೂಲೆಯ ಮುಖ್ಯ ಪಟ್ಟಣವಾದ ಸಾರ್ಲಾದ ಸುತ್ತ ನಲವತ್ತು ಕಿಲೋಮೀಟರಿನೊಳಗೆ ಆದಿಮಾನವರ ಚಿತ್ರಗುಹೆಗಳು, ನದಿಯ ಎರಡೂ ದಡಗಳಲ್ಲಿ ಎದುರುಬದುರಾಗಿ ನಿಂತ ಕೋಟೆಗಳು, ಬಂಡೆಗೆ ಆತುಕೊಂಡ ಊರುಗಳು ಎಷ್ಟು ಒತ್ತಾಗಿವೆಯೆಂದರೆ ಹದಿನೈದು ದಿನ ತಿರುಗಿದರೂ ಮುಗಿಯುವುದಿಲ್ಲ. ಹೀಗಾಗಿ ನಾಲ್ಕೈದು ದಿನಕ್ಕಾಗಿ ಬಂದವರಿಗೆ ಯಾವುದನ್ನು ನೋಡಬೇಕೆಂಬುದಕ್ಕಿಂತ ಯಾವುದನ್ನು ಬಿಡಬೇಕೆಂಬುದೇ ಕಷ್ಟದ ಪ್ರಶ್ನೆಯಾಗುತ್ತದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ ರಾತ್ರಿ ಬೆಂಗಳೂರು ಸೇರುವ ನಮ್ಮ ಬಸ್ ಪ್ರವಾಸದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗುಹೆಗಳಿಗೆ ನಿಗದಿತ ಹೊತ್ತಿನ ಟಿಕೆಟ್ ಬೇಕು, ಊಟಕ್ಕೆ ನಿಗದಿತ ಹೊತ್ತು ಉಂಟು, ರಸ್ತೆಗಳು ಕಿರಿದು.

ಮೊದಲ ಹೆಜ್ಜೆ: ಕೈಯಲ್ಲಿರುವ ದಿನಗಳನ್ನು ಎಣಿಸುವುದು

ಐದು ರಾತ್ರಿಗಳೆಂದರೆ ಐದು ದಿನಗಳಲ್ಲ. ಪ್ಯಾರಿಸ್ಸಿನಿಂದ ಬೋರ್ದೋವರೆಗೆ ವೇಗದ ರೈಲು ಸುಮಾರು ಎರಡು ಗಂಟೆ ತೆಗೆದುಕೊಂಡರೆ, ಅಲ್ಲಿಂದ ಸಾರ್ಲಾಕ್ಕೆ ಹೋಗುವ ಪ್ರಾದೇಶಿಕ ರೈಲು ಅದಕ್ಕಿಂತ ಹೆಚ್ಚು ಹೊತ್ತನ್ನು, ಎರಡೂವರೆಯಿಂದ ಮೂರು ಗಂಟೆಯನ್ನು ತಿನ್ನುತ್ತದೆ. ರೈಲು ಬದಲಿಸುವ ಕಾಯುವಿಕೆಯನ್ನೂ ಸೇರಿಸಿದರೆ ಬರುವ ದಿನ ಪೂರ್ತಿ ಹೋದಂತೆಯೇ. ಹೊರಡುವ ದಿನವೂ ಹಾಗೆಯೇ. ಉಳಿಯುವುದು ನಾಲ್ಕು ದಿನ. ಆ ನಾಲ್ಕರಲ್ಲಿ ಒಂದನ್ನು ವಾಹನ ಹತ್ತದೆ, ತಂಗಿದ ಊರಿನಲ್ಲೇ ಕಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಆ ಬಿಡುವಿಲ್ಲದಿದ್ದರೆ ಉಳಿದ ದಿನಗಳ ಆಯಾಸ ನಾಲ್ಕನೆಯ ದಿನ ಒಟ್ಟಾಗಿ ಬಂದು ಕುಳಿತುಕೊಳ್ಳುತ್ತದೆ. ಅಂದರೆ ಆರಿಸಬೇಕಾದ ಹೊರಸಂಚಾರಗಳು ಮೂರು ಮಾತ್ರ. ಈ ಮೂರು ಎಂಬ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಪ್ರವಾಸಿ ತಾಣಗಳ ಚಿತ್ರಗಳನ್ನು ನೋಡಲು ಕುಳಿತರೆ ಒಳ್ಳೆಯದು.

ಎರಡನೆಯ ಹೆಜ್ಜೆ: ಒಂದೇ ಬಿಡಾರ

ಎರಡು ರಾತ್ರಿ ಇಲ್ಲಿ, ಎರಡು ರಾತ್ರಿ ಅಲ್ಲಿ ಎಂದು ಬಿಡಾರ ಬದಲಿಸಿದರೆ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಒಂದೇ ಕಡೆ ಇರಬೇಕು. ಕಾರಿಲ್ಲದವರಿಗೆ ಸಾರ್ಲಾವೇ ಸರಿ. ಅಲ್ಲಿ ರೈಲು ನಿಲ್ದಾಣವಿದೆ, ಸಂತೆಯಿದೆ, ಸಂಜೆ ಅಡ್ಡಾಡಲು ಮಧ್ಯಯುಗದ ಕಲ್ಲಿನ ಬೀದಿಗಳಿವೆ. ಕಾರಿರುವವರು ನದಿತೀರದ ಸಣ್ಣ ಊರುಗಳಲ್ಲಿ ಇರಬಹುದು, ಆದರೆ ರಾತ್ರಿ ಊಟಕ್ಕೆ ಮತ್ತೆ ಕಾರು ತೆಗೆಯಬೇಕಾದೀತು. ಅಡುಗೆಮನೆಯಿರುವ ಬಾಡಿಗೆ ಮನೆಗಳಿಗೆ ಅಲ್ಲಿ ಜೀತ್ ಎನ್ನುತ್ತಾರೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಶನಿವಾರದಿಂದ ಶನಿವಾರದವರೆಗೆ ವಾರದ ಲೆಕ್ಕದಲ್ಲೇ ಕೊಡುವುದರಿಂದ, ಆ ತಿಂಗಳುಗಳಲ್ಲಿ ಐದು ರಾತ್ರಿಗೆ ಬರುವವರು ಹೋಟೆಲನ್ನೋ ಮನೆಯವರೇ ಕೊಠಡಿ ಕೊಟ್ಟು ಬೆಳಗಿನ ತಿಂಡಿ ಬಡಿಸುವ ಶಾಂಬ್ರ್ ದೋತ್‌ಗಳನ್ನೋ ನೋಡಬೇಕಾಗುತ್ತದೆ.

ಮೂರನೆಯ ಹೆಜ್ಜೆ: ದೂರವನ್ನು ನಿಮಿಷಗಳಲ್ಲಿ ಅಳೆಯುವುದು

ಈ ಸೀಮೆಯ ರಸ್ತೆಗಳು ಬಹುಪಾಲು ಎರಡೇ ಪಥದವು. ಊರೊಳಗೆ ಗಂಟೆಗೆ 50 ಕಿಲೋಮೀಟರು, ಊರಾಚೆ ಸಾಮಾನ್ಯವಾಗಿ 80 ಕಿಲೋಮೀಟರು ಮಿತಿ. ತಿರುವು, ಟ್ರ್ಯಾಕ್ಟರು, ಸೇತುವೆಯ ಬಳಿಯ ಕಾಯುವಿಕೆಗಳನ್ನು ಕಳೆದರೆ ಗಂಟೆಗೆ ಐವತ್ತು ಕಿಲೋಮೀಟರು ಸಾಗಿದರೆ ಅದೇ ಹೆಚ್ಚು. ಆದ್ದರಿಂದ ನಕ್ಷೆಯಲ್ಲಿ ಸಾರ್ಲಾದ ಸುತ್ತ ಮೂರು ವರ್ತುಲಗಳನ್ನು ಕಲ್ಪಿಸಿಕೊಳ್ಳಬೇಕು. ಮೊದಲನೆಯದು ಅರ್ಧ ಗಂಟೆಯದು: ಕೋಟೆಗಳ ಊರುಗಳಾದ ಬೇನಾಕ್ ಮತ್ತು ಕಾಸ್ತೆಲ್ನೋ, ನದಿಯ ಪಕ್ಕದ ದೋಮ್ ಮತ್ತು ಲಾ ರೋಕ್-ಗಜಾಕ್ ಎಲ್ಲವೂ ಹತ್ತು-ಹದಿನೈದು ಕಿಲೋಮೀಟರಿನೊಳಗೆ ಸಿಗುತ್ತವೆ, ಚಿತ್ರಗುಹೆಗಳ ಊರುಗಳಾದ ಲೆ-ಜೆಜಿ ಮತ್ತು ಮೊಂತಿನ್ಯಾಕ್ ಇಪ್ಪತ್ತರಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ. ಎರಡನೆಯದು ಒಂದು ಗಂಟೆಯ ವರ್ತುಲ: ಪೂರ್ವಕ್ಕೆ ಯಾತ್ರಾಸ್ಥಳವಾದ ರೊಕಾಮಾದೂರ್, ಪಶ್ಚಿಮಕ್ಕೆ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1284ರಲ್ಲಿ ಕಟ್ಟಿಸಿದ ಊರು ಮೋಂಪಾಜಿಯೆ. ಅದರಾಚೆ ಮೂರನೆಯದು.

ನಾನು ಪಾಲಿಸುವ ಕಟ್ಟಳೆ ಸರಳವಾದದ್ದು. ಹೋಗಲು ಒಂದು ಗಂಟೆ ಬೇಕಾದರೆ ಆ ದಿನವನ್ನು ಆ ದಿಕ್ಕಿಗೇ ಮೀಸಲಿಡಬೇಕು. ಒಂದೂವರೆ ಗಂಟೆ ಮೀರಿದರೆ ಆ ಊರನ್ನು ಪಟ್ಟಿಯಿಂದ ತೆಗೆದುಹಾಕಬೇಕು. ಬೋರ್ದೋ ಎಷ್ಟೇ ಚೆಲುವಾದ ನಗರವಾಗಿದ್ದರೂ ಸಾರ್ಲಾದಿಂದ ದಿನಕ್ಕೆ ಹೋಗಿಬರುವ ಊರಲ್ಲ. ಬರುವಾಗಲೋ ಹೋಗುವಾಗಲೋ ದಾರಿಯಲ್ಲಿ ಅದಕ್ಕೊಂದು ರಾತ್ರಿ ಕೊಡಬಹುದು.

ನಾಲ್ಕನೆಯ ಹೆಜ್ಜೆ: ಸರಿಸಲಾಗದವುಗಳನ್ನು ಮೊದಲು ನೆಡುವುದು

ಕೋಟೆಗೆ ಇಂದು ಹೋಗದಿದ್ದರೆ ನಾಳೆ ಹೋಗಬಹುದು. ಸಂತೆ ಹಾಗಲ್ಲ, ಗುಹೆಯ ಟಿಕೆಟ್ ಹಾಗಲ್ಲ. ಸಾರ್ಲಾದ ಸಂತೆ ಬುಧವಾರ ಮತ್ತು ಶನಿವಾರ ಬೆಳಗ್ಗೆ ನಡೆಯುತ್ತದೆ; ದೋಮ್ ಊರಿನದು ಗುರುವಾರ, ಲ ಬ್ಯೂಗ್‌ನದು ಮಂಗಳವಾರ, ಸಾಂ-ಸಿಪ್ರಿಯಾಂನದು ಭಾನುವಾರ. ಸಂತೆಯ ದಿನ ಬೆಳಗ್ಗೆ ಆ ಊರಿನೊಳಗೆ ಕಾರು ನಿಲ್ಲಿಸುವುದು ದುಸ್ತರ; ಒಂಬತ್ತಕ್ಕೆ ಮುಂಚೆ ತಲುಪಬೇಕು, ಇಲ್ಲವೇ ಆ ದಿಕ್ಕನ್ನೇ ಬಿಡಬೇಕು. ಬಿಡಾರ ಸಾರ್ಲಾದಲ್ಲೇ ಇದ್ದರೆ ಈ ಕಷ್ಟವೇ ಅನುಕೂಲವಾಗುತ್ತದೆ: ಕಾರು ಹತ್ತದ ದಿನವನ್ನು ಬುಧವಾರಕ್ಕೆ ಇಟ್ಟುಕೊಂಡು ಬೆಳಗ್ಗೆ ಸಂತೆ ಸುತ್ತಿ, ಹಳೆಯ ಸೇಂತ್-ಮಾರಿ ಚರ್ಚನ್ನು ವಾಸ್ತುಶಿಲ್ಪಿ ಜಾಂ ನೂವೆಲ್ ಮಾರುಕಟ್ಟೆಯಾಗಿ ಮಾರ್ಪಡಿಸಿದ ಕಟ್ಟಡವನ್ನು ಹೊಕ್ಕು ನೋಡಿ, ಮಧ್ಯಾಹ್ನ ಜನ ಕರಗಿದ ಮೇಲೆ ಬೀದಿಗಳಲ್ಲಿ ನಿಧಾನವಾಗಿ ನಡೆಯಬಹುದು. ಹಳೆಯ ಪಟ್ಟಣಭಾಗಗಳ ರಕ್ಷಣೆಗಾಗಿ 1962ರಲ್ಲಿ ಫ್ರಾನ್ಸ್ ಮಾಡಿದ ಮಾಲ್ರೋ ಕಾಯಿದೆಯಡಿ ಮೊದಮೊದಲು ಜೀರ್ಣೋದ್ಧಾರಗೊಂಡ ಪಟ್ಟಣಗಳಲ್ಲಿ ಸಾರ್ಲಾ ಒಂದು. ಅದರ ಜೇನುಬಣ್ಣದ ಗೋಡೆಗಳು ಇಷ್ಟು ಒಟ್ಟಾಗಿ ಉಳಿದಿರುವುದು ಆ ಕಾರಣದಿಂದ.

ಇನ್ನು ಗುಹೆಗಳ ವಿಷಯ. ಇಲ್ಲಿಗೆ ಬರುವವರಲ್ಲಿ ಅನೇಕರಿಗೆ ನಿರಾಸೆಯಾಗುವುದು ಇಲ್ಲಿಯೇ, ಅದಕ್ಕೆ ಕಾರಣವೂ ಮೊದಲೇ ತಿಳಿದುಕೊಳ್ಳದಿರುವುದು. 1940ರ ಸೆಪ್ಟೆಂಬರ್ 12ರಂದು ಮೊಂತಿನ್ಯಾಕ್ ಬಳಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ ಲಾಸ್ಕೋ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಲಾಯಿತು. ನೋಡಲು ಬಂದವರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದಾಗಿ, ಹದಿನೇಳು ಸಾವಿರ ವರ್ಷ ಉಳಿದಿದ್ದ ಗೂಳಿ-ಕುದುರೆಗಳ ಚಿತ್ರಗಳ ಮೇಲೆ ಎರಡೇ ದಶಕಗಳೊಳಗೆ ಪಾಚಿ ಹಬ್ಬತೊಡಗಿತ್ತು. ಈಗ ನೋಡಲು ಸಿಗುವುದು ಪ್ರತಿಕೃತಿ. ಒಂದು ಭಾಗದ ಪ್ರತಿಕೃತಿ 1983ರಲ್ಲಿ ತೆರೆಯಿತು. ಹೆಚ್ಚುಕಡಿಮೆ ಇಡೀ ಗುಹೆಯನ್ನು ಮರುಸೃಷ್ಟಿಸಿದ, ನಾಲ್ಕನೆಯ ಲಾಸ್ಕೋ ಎಂದು ಕರೆಯುವ ಪ್ರತಿಕೃತಿ 2016ರ ಡಿಸೆಂಬರಿನಲ್ಲಿ ತೆರೆಯಿತು. ಪ್ರತಿಕೃತಿಯೆಂದು ಮೂಗು ಮುರಿಯುವವರಿಗೆ ನನ್ನ ಉತ್ತರವಿಷ್ಟೇ: ಗೋಡೆಯ ಉಬ್ಬುತಗ್ಗುಗಳನ್ನೇ ಪ್ರಾಣಿಯ ಭುಜವಾಗಿ, ಹೊಟ್ಟೆಯಾಗಿ ಬಳಸಿಕೊಂಡ ಆ ಕೈಚಳಕವನ್ನು ಪುಸ್ತಕದ ಚಿತ್ರ ತೋರಿಸಲಾರದು, ಈ ಪ್ರತಿಕೃತಿ ತೋರಿಸುತ್ತದೆ.

ಮೂಲವನ್ನೇ ನೋಡಬೇಕೆಂಬವರಿಗೆ ಲೆ-ಜೆಜಿಯ ಫೋಂ-ದ-ಗೋಮ್ ಗುಹೆಯಿದೆ. ಹಲವು ಬಣ್ಣಗಳಲ್ಲಿ ಬಿಡಿಸಿದ ಆದಿಮಾನವರ ಚಿತ್ರಗಳನ್ನು ಅವು ಹುಟ್ಟಿದ ಗೋಡೆಯ ಮೇಲೆಯೇ ಸಾರ್ವಜನಿಕರು ನೋಡಬಹುದಾದ ಗುಹೆಗಳು ಬೆರಳೆಣಿಕೆಯಷ್ಟು. ಇದು ಅವುಗಳಲ್ಲಿ ಒಂದು. ದಿನಕ್ಕೆ ಕೆಲವೇ ಮಂದಿಯನ್ನು ಸಣ್ಣ ಗುಂಪುಗಳಲ್ಲಿ ಮಾರ್ಗದರ್ಶಿಯೊಡನೆ ಒಳಗೆ ಬಿಡುವುದರಿಂದ ಟಿಕೆಟ್ ಸಿಗುವುದು ಕಷ್ಟ. ಆದ್ದರಿಂದ ವಿಮಾನದ ಟಿಕೆಟ್ ಆದ ಕೂಡಲೇ ಅಧಿಕೃತ ಜಾಲತಾಣದಲ್ಲಿ ಈ ಗುಹೆಯ ದಿನಾಂಕಗಳನ್ನು ನೋಡಬೇಕು. ಅದು ಯಾವ ದಿನ ಸಿಗುತ್ತದೆಯೋ ಆ ದಿನಕ್ಕೆ ಉಳಿದೆಲ್ಲವನ್ನೂ ಹೊಂದಿಸಬೇಕು. ಲಾಸ್ಕೋಗೆ ಕಾಯ್ದಿರಿಸುವಾಗ ಭಾಷೆಯನ್ನೂ ಗಮನಿಸಬೇಕು, ಇಂಗ್ಲಿಷ್ ವಿವರಣೆಯ ಸುತ್ತು ದಿನದ ಕೆಲವು ಹೊತ್ತುಗಳಲ್ಲಿ ಮಾತ್ರ ಇರುತ್ತದೆ. ಲೆ-ಜೆಜಿಯ ರಾಷ್ಟ್ರೀಯ ಪ್ರಾಗಿತಿಹಾಸ ವಸ್ತುಸಂಗ್ರಹಾಲಯ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಮಂಗಳವಾರ ಮುಚ್ಚಿರುತ್ತದೆಂಬುದನ್ನೂ ಈ ಹಂತದಲ್ಲೇ ಬರೆದುಕೊಳ್ಳಬೇಕು. ಚಳಿಗಾಲದಲ್ಲಿ ಬರುವವರು ಪ್ರತಿ ತಾಣದ ಬಾಗಿಲು ತೆರೆದಿದೆಯೇ ಎಂದು ಬೇರೆಬೇರೆಯಾಗಿ ವಿಚಾರಿಸಬೇಕು. ರುಫಿನ್ಯಾಕ್ ಗುಹೆ, ಪಾದಿರಾಕ್ ಕಂದಕ ಮುಂತಾದವು ಆ ತಿಂಗಳುಗಳಲ್ಲಿ ತೆರೆಯುವುದೇ ಇಲ್ಲ. ಮೇ, ಜೂನ್ ಮತ್ತು ಸೆಪ್ಟೆಂಬರ್ ಎಲ್ಲ ರೀತಿಯಲ್ಲೂ ಹಿತ. ಜೂನ್ ಕೊನೆಯಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುವುದರಿಂದ ದಿನಕ್ಕೊಂದು ಸಂಜೆಯೇ ಹೆಚ್ಚುವರಿಯಾಗಿ ಸಿಕ್ಕಂತಾಗುತ್ತದೆ.

ಐದನೆಯ ಹೆಜ್ಜೆ: ಒಂದು ದಿನಕ್ಕೆ ಒಂದು ನದಿ

ಈ ಸೀಮೆಯನ್ನು ಅರ್ಥಮಾಡಿಕೊಳ್ಳಲು ಎರಡು ನದಿಗಳು ಸಾಕು. ಉತ್ತರದಲ್ಲಿ ವೆಜೇರ್, ದಕ್ಷಿಣದಲ್ಲಿ ದೊರ್ದೋನ್. ಪಶ್ಚಿಮದಲ್ಲಿ ಲಿಮೇಯ್ ಎಂಬ ಊರಿನ ಬಳಿ ಇವೆರಡೂ ಕೂಡುತ್ತವೆ. ಗುಹೆಗಳೆಲ್ಲ ಹೆಚ್ಚಾಗಿ ವೆಜೇರ್ ಕಣಿವೆಯವು; ಯುನೆಸ್ಕೋ 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕಣಿವೆಯ ನೆಲೆಗಳನ್ನು. ಹೆಸರಾಂತ ಕೋಟೆಗಳೂ ದೋಣಿವಿಹಾರವೂ ದೊರ್ದೋನ್ ದಡದವು. ಬೆಳಗ್ಗೆ ಗುಹೆ, ಮಧ್ಯಾಹ್ನ ಕೋಟೆ, ಸಂಜೆ ಮತ್ತೆ ಗುಹೆ ಎಂದು ಎರಡು ಕಣಿವೆಗಳ ನಡುವೆ ಗುಡ್ಡ ಹತ್ತಿಳಿಯುವವರು ನೋಡುವುದಕ್ಕಿಂತ ಓಡಾಡುವುದೇ ಹೆಚ್ಚು. ಒಂದು ದಿನ ಒಂದು ನದಿಯ ಜೊತೆ ಇದ್ದರೆ ಆ ದಿನಕ್ಕೆ ಒಂದು ಕಥೆಯೂ ಇರುತ್ತದೆ.

ದೊರ್ದೋನ್ ದಿನದ ಕಥೆ ಯುದ್ಧದ್ದು. ನೂರು ವರ್ಷಗಳ ಯುದ್ಧದ ಕಾಲದಲ್ಲಿ ಬೇನಾಕ್ ಫ್ರೆಂಚರ ಕಡೆಗೂ, ನದಿಯಾಚೆ ಕಣ್ಣಳತೆಯಲ್ಲೇ ಇರುವ ಕಾಸ್ತೆಲ್ನೋ ಬಹುಕಾಲ ಇಂಗ್ಲಿಷರ ಕಡೆಗೂ ಇದ್ದವು. ಎರಡನ್ನೂ ಹತ್ತುವ ಅಗತ್ಯವಿಲ್ಲ. ಮಕ್ಕಳಿದ್ದರೆ ಕಾಸ್ತೆಲ್ನೋ, ಏಕೆಂದರೆ ಅಲ್ಲಿ ಮಧ್ಯಯುಗದ ಯುದ್ಧಸಾಮಗ್ರಿಗಳ ಸಂಗ್ರಹಾಲಯವಿದೆ ಮತ್ತು ಕಲ್ಲೆಸೆಯುವ ಭಾರೀ ಯಂತ್ರಗಳನ್ನು ನಿಲ್ಲಿಸಿದ್ದಾರೆ; ಬರಿಯ ಕಲ್ಲುಗೋಡೆ, ಗಾಳಿ, ನದಿಯ ನೋಟ ಸಾಕೆನ್ನುವವರಿಗೆ ಬೇನಾಕ್. ಹತ್ತಿರದಲ್ಲೇ ಇರುವ ಮಿಲಾಂದ್ ಭವನ ಗಾಯಕಿ-ನರ್ತಕಿ ಜೋಸೆಫಿನ್ ಬೇಕರ್ ತಮ್ಮ ಹನ್ನೆರಡು ಮಂದಿ ದತ್ತುಮಕ್ಕಳೊಡನೆ ಬಾಳಿದ ಮನೆ. ಸಾಲದ ಹೊರೆಯಿಂದ ಅವರು ಅದನ್ನು ಕಳೆದುಕೊಂಡರು, 2021ರಲ್ಲಿ ಫ್ರಾನ್ಸ್ ಅವರಿಗೆ ಪ್ಯಾರಿಸ್ಸಿನ ಪ್ಯಾಂಥಿಯನ್‌ನಲ್ಲಿ ಸ್ಥಾನ ಕೊಟ್ಟು ಗೌರವಿಸಿತು.

ಆರನೆಯ ಹೆಜ್ಜೆ: ಒಂದು ಗಟ್ಟಿ, ಒಂದು ಹಗುರ

ದಿನಕ್ಕೊಂದು ಮುಖ್ಯ ತಾಣವನ್ನು ಇಟ್ಟುಕೊಂಡು, ಅದಕ್ಕೆ ಟಿಕೆಟ್ ಬೇಡದ ಅಥವಾ ಬಿಟ್ಟರೂ ಬೇಸರವಾಗದ ಒಂದು ಹಗುರ ತಾಣವನ್ನು ಜೋಡಿಸಬೇಕು. ಕೋಟೆಯೊಂದಕ್ಕೆ ಎರಡೂವರೆ ಗಂಟೆ, ಲಾಸ್ಕೋಗೆ ಅದರ ಪ್ರದರ್ಶನ ಕೊಠಡಿಗಳೂ ಸೇರಿ ಮೂರು ಗಂಟೆ ಎಂದು ಹಿಡಿಯಬಹುದು. ಲಾ ರೋಕ್-ಗಜಾಕ್‌ನಲ್ಲಿ ಗಬಾರ್ ಎಂಬ ಹಳೆಯ ಮಾದರಿಯ ಚಪ್ಪಟೆ ದೋಣಿಗಳಲ್ಲಿ ಸುಮಾರು ಒಂದು ಗಂಟೆಯ ವಿಹಾರವುಂಟು. ಇದು ಹಗುರದ ಸಾಲಿಗೆ ಸೇರುತ್ತದೆ. ಸ್ವತಃ ಹುಟ್ಟು ಹಾಕುವ ಆಸೆಯುಳ್ಳವರು ದೋಮ್ ಕೆಳಗಿನ ಸೆನಾಕ್‌ನಿಂದ ಬೇನಾಕ್‌ವರೆಗೆ ಬಾಡಿಗೆ ದೋಣಿಯಲ್ಲಿ ಇಳಿಯಬಹುದು. ಸುಮಾರು ಹತ್ತು ಕಿಲೋಮೀಟರು, ಎರಡು-ಮೂರು ಗಂಟೆ, ಈಜು ಬಾರದವರಿಗೂ ಮಕ್ಕಳಿಗೂ ಜೀವರಕ್ಷಕ ಅಂಗಿ ಕಡ್ಡಾಯವೆಂದೇ ತಿಳಿಯಬೇಕು. ಇದನ್ನು ಮಾತ್ರ ಹಗುರವೆಂದು ಎಣಿಸಬಾರದು. ತೋಳುನೋವು ಮರುದಿನ ಲೆಕ್ಕ ಕೇಳುತ್ತದೆ.

ಜುಲೈ, ಆಗಸ್ಟ್‌ಗಳಲ್ಲಿ ಒಂದು ಗುರುವಾರವೂ ನಿಮ್ಮ ದಿನಗಳಲ್ಲಿ ಸೇರಿದ್ದರೆ ಮಾರ್ಕೇಸಾಕ್ ತೋಟವನ್ನು ಆ ಸಂಜೆಗೇ ಉಳಿಸಿಕೊಳ್ಳಿ. ಬಾಕ್ಸ್ ಎಂಬ ಹೆಸರಿನ ಒಂದೂವರೆ ಲಕ್ಷ ಪೊದೆಗಿಡಗಳನ್ನು ಗುಂಡಗುಂಡಗೆ ಕತ್ತರಿಸಿ ಬೆಳೆಸಿದ ಈ ತೋಟದಲ್ಲಿ ಬೇಸಿಗೆಯ ಗುರುವಾರಗಳಂದು ದಾರಿಯುದ್ದಕ್ಕೂ ಮೊಂಬತ್ತಿ ಹಚ್ಚುತ್ತಾರೆ.

ಜೊತೆಗೆ ಬರುವವರ ಮೊಣಕಾಲು

ಅಪ್ಪ-ಅಮ್ಮಂದಿರನ್ನು ಕರೆದೊಯ್ಯುವ ಕುಟುಂಬಗಳಿಗೆ ಈ ಹೆಜ್ಜೆ ಉಳಿದೆಲ್ಲಕ್ಕಿಂತ ಮುಖ್ಯ. ಬೇನಾಕ್ ಕೋಟೆಗೆ ನದಿಯ ಬದಿಯಿಂದ ಹತ್ತುವುದು ಕಡಿದಾದ ಕಲ್ಲುಹಾದಿ. ಕಾರನ್ನು ಮೇಲಿನ ನಿಲುಗಡೆಯವರೆಗೆ ಒಯ್ದರೆ ಆ ಏರು ತಪ್ಪುತ್ತದೆ. ರೊಕಾಮಾದೂರ್‌ನಲ್ಲಿ ಯಾತ್ರಿಕರು ಹಿಂದೆ ಮೊಣಕಾಲೂರಿ ಏರುತ್ತಿದ್ದ 216 ಮೆಟ್ಟಿಲುಗಳಿವೆ, ಆದರೆ ಲಿಫ್ಟ್ ಸೌಕರ್ಯವೂ ಇದೆ. ನೆಲದಡಿ 103 ಮೀಟರ್ ಆಳದಲ್ಲಿ ನದಿ ಹರಿಯುವ ಪಾದಿರಾಕ್‌ನಲ್ಲಿ ಕೆಳಗಿಳಿಯಲು ಲಿಫ್ಟ್ ಇದ್ದರೂ ದೋಣಿಯಿಂದಿಳಿದ ಮೇಲೆ ಒಳಗೆ ಮೆಟ್ಟಿಲುಗಳನ್ನು ಹತ್ತಲೇಬೇಕು, ನೆಲ ಒದ್ದೆ, ಉಷ್ಣಾಂಶ ವರ್ಷವಿಡೀ ಸುಮಾರು 13 ಡಿಗ್ರಿ. ನಡೆಯಲಾಗದವರಿಗೆ ರುಫಿನ್ಯಾಕ್ ಗುಹೆಯೇ ಹಿತ: ವಿದ್ಯುತ್ ರೈಲಿನಲ್ಲಿ ಕುಳಿತೇ ಒಳಗೆ ಹೋಗಿ ಗೋಡೆಯ ಮೇಲಿನ ಮ್ಯಾಮತ್ ಆನೆಗಳನ್ನು ನೋಡಬಹುದು. ಬೇಸಿಗೆಯಲ್ಲಿಯೂ ಗುಹೆಯ ದಿನ ಸ್ವೆಟರ್ ಮರೆಯಬಾರದು.

ಊಟದ ಹೊತ್ತು, ಸಸ್ಯಾಹಾರದ ಬಲೆ

ಹಳ್ಳಿಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಒಂದೂವರೆ ದಾಟಿದ ಮೇಲೆ ಬಂದವರಿಗೆ ಅಡುಗೆಮನೆ ಮುಚ್ಚಿತೆಂಬ ಉತ್ತರ ಸಿಗುವುದು ಸಾಮಾನ್ಯ. ಬೆಳಗಿನ ಗುಹೆಯ ಟಿಕೆಟನ್ನು ಹತ್ತು ಗಂಟೆಯೊಳಗೆ ಹಿಡಿಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಪೆರಿಗೋರ್ ಬಾತುಕೋಳಿಯ ನಾಡು. ಸಸ್ಯಾಹಾರಿಗಳು ಮಾಂಸದ ತುಂಡಿಲ್ಲದ ತಟ್ಟೆಯನ್ನು ನೋಡಿ ನಂಬಬಾರದು. ಸಾರ್ಲಾದ ಹೆಸರನ್ನೇ ಹೊತ್ತ ಪೊಮ್ ಸಾರ್ಲಾದೇಜ್ ಎಂಬ ಆಲೂಗಡ್ಡೆಯ ಹುರಿದ ಪಲ್ಯ ಬೆಳ್ಳುಳ್ಳಿಯ ಘಮದಿಂದ ನಮ್ಮ ಮನೆಯದೇ ಎನ್ನಿಸುತ್ತದೆ, ಆದರೆ ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ತುರಾಂ ಎಂಬ ಬೆಳ್ಳುಳ್ಳಿ ಸಾರಿಗೂ ಅನೇಕ ಕಡೆ ಅದೇ ಕೊಬ್ಬು. ಸಾಂ ವ್ಯಾಂದ್, ಎಂದರೆ ಮಾಂಸವಿಲ್ಲದೆ, ಎಂದು ಹೇಳಿದರೆ ಸಾಲದು. ಸಾಂ ಗ್ರೆಸ್ ದ ಕನಾರ್, ಬಾತುಕೋಳಿಯ ಕೊಬ್ಬಿಲ್ಲದೆ, ಎಂದೂ ಸೇರಿಸಬೇಕು. ಅದಕ್ಕೂ ಮೊದಲು ಬೋಂಜೂರ್ ಎನ್ನಬೇಕು. ವಂದಿಸದೆ ನೇರವಾಗಿ ಬೇಡಿಕೆ ಇಡುವುದನ್ನು ಅಲ್ಲಿನವರು ಒರಟುತನವೆಂದು ಎಣಿಸುತ್ತಾರೆ. ನನ್ನ ಮಟ್ಟಿಗೆ ಸಂತೆಯ ಬ್ರೆಡ್ಡು, ಅಕ್ರೋಟು, ಸ್ಟ್ರಾಬೆರಿ, ರೊಕಾಮಾದೂರ್ ಎಂಬ ಪುಟ್ಟ ಮೇಕೆಹಾಲಿನ ಚೀಸ್ ಕಟ್ಟಿಕೊಂಡು ನದಿಯ ದಡದಲ್ಲಿ ಕುಳಿತು ತಿನ್ನುವುದೇ ಮೇಲು. ಊರಿನಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಹಾಲು, ತುಪ್ಪ, ಪನೀರ್ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರಲು ಪ್ರಯಾಣಿಕರಿಗೆ ಅನುಮತಿಯಿಲ್ಲ, ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಕಾರು

ಹಳ್ಳಿಗಳ ನಡುವಿನ ಬಸ್ಸುಗಳು ವಿರಳ. ಕಾರಿದ್ದರೆ ಮಾತ್ರ ಮೇಲಿನ ಲೆಕ್ಕಗಳೆಲ್ಲ ಹೊಂದುತ್ತವೆ. ಭಾರತದ ಚಾಲನಾ ಪರವಾನಗಿಯ ಜೊತೆಗೆ ಐಡಿಪಿ ಎನ್ನುವ ಅಂತರರಾಷ್ಟ್ರೀಯ ಪರವಾನಗಿಯನ್ನು ಹೊರಡುವ ಮೊದಲೇ ಆರ್‌ಟಿಒ ಕಚೇರಿಯಿಂದ ಮಾಡಿಸಿಕೊಂಡಿರಬೇಕು. ಅಲ್ಲಿ ಗೇರ್ ಹಾಕುವ ಕಾರುಗಳೇ ಹೆಚ್ಚು, ಗೇರಿಲ್ಲದ್ದು ಬೇಕಾದರೆ ಮುಂಚೆಯೇ ಹೇಳಿಡಬೇಕು. ಸಣ್ಣ ಊರುಗಳ ಬಾಡಿಗೆ ಕಚೇರಿಗಳು ಮಧ್ಯಾಹ್ನದ ಹೊತ್ತು ಮತ್ತು ಭಾನುವಾರ ಮುಚ್ಚಿರುವುದುಂಟು. ಬಲಬದಿಯ ಸಂಚಾರಕ್ಕೆ ಅರ್ಧ ದಿನದಲ್ಲಿ ಕೈ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದಿರುವುದು ಬಲಗಡೆಯವರಿಗೆ ಆದ್ಯತೆ ಎಂಬ ನಿಯಮ. ಬೇರೆ ಸೂಚನೆಯಿಲ್ಲದ ಕೂಡುರಸ್ತೆಯಲ್ಲಿ, ಬಲಗಡೆಯ ಪುಟ್ಟ ಓಣಿಯಿಂದ ಬರುವ ವಾಹನಕ್ಕೂ ದಾರಿ ಬಿಡಬೇಕು. ದಾರಿಫಲಕಗಳಲ್ಲಿ ಊರಿನ ಹೆಸರು ಉಚ್ಚಾರದಂತೆ ಇರುವುದಿಲ್ಲ: ಸಾರ್ಲಾ ಎಂದು ಹೇಳುವ ಹೆಸರಿನ ಕೊನೆಯಲ್ಲಿ ಬರವಣಿಗೆಯಲ್ಲೊಂದು ಟಿ ಅಕ್ಷರವಿದೆ. ಹೆಸರುಗಳನ್ನು ಬರೆದಂತೆಯೇ ಚೀಟಿಯಲ್ಲಿ ಇಟ್ಟುಕೊಂಡರೆ ಪಕ್ಕದಲ್ಲಿ ಕುಳಿತವರು ದಾರಿ ಹೇಳಬಹುದು.

ದಿನಗಳನ್ನು ಜೋಡಿಸಿದಾಗ

ಸೋಮವಾರ ರಾತ್ರಿ ಬಂದು ಶನಿವಾರ ಹೊರಡುವವರ ಉದಾಹರಣೆ ತೆಗೆದುಕೊಳ್ಳೋಣ. ಮಂಗಳವಾರ ಲೆ-ಜೆಜಿಯ ಸಂಗ್ರಹಾಲಯ ಮುಚ್ಚಿರುವುದರಿಂದ ಅದು ದೊರ್ದೋನ್ ದಿನ: ಬೆಳಗ್ಗೆ ಕಾಸ್ತೆಲ್ನೋ, ಮಧ್ಯಾಹ್ನ ಲಾ ರೋಕ್-ಗಜಾಕ್‌ನಲ್ಲಿ ದೋಣಿ, ಬಿಸಿಲಿಳಿದ ಮೇಲೆ 1281ರಲ್ಲಿ ಸ್ಥಾಪನೆಯಾದ ದೋಮ್ ಊರಿನ ಕಟ್ಟೆಯಿಂದ ಕಣಿವೆಯ ನೋಟ. ಬುಧವಾರ ಸಾರ್ಲಾದ ಸಂತೆ, ಕಾರಿಗೆ ರಜೆ. ಗುರುವಾರ ವೆಜೇರ್: ಬೆಳಗ್ಗೆ ಲಾಸ್ಕೋ, ಮಧ್ಯಾಹ್ನ ನದಿಯ ಜೊತೆಗೇ ಕೆಳಗೆ ಲೆ-ಜೆಜಿಗೆ ಬಂದು ಸಂಗ್ರಹಾಲಯ, ಅಥವಾ ಟಿಕೆಟ್ ಸಿಕ್ಕಿದ್ದರೆ ಫೋಂ-ದ-ಗೋಮ್. ಶುಕ್ರವಾರ ಪೂರ್ವದಿಕ್ಕು: ಪಾದಿರಾಕ್‌ಗೆ ಬೆಳಗಿನ ಮೊದಲ ಟಿಕೆಟ್‌ಗಳಲ್ಲೊಂದನ್ನು ಹಿಡಿದು, ಹಿಂತಿರುಗುವಾಗ ರೊಕಾಮಾದೂರ್. ಫೋಂ-ದ-ಗೋಮ್ ಶುಕ್ರವಾರಕ್ಕೇ ಸಿಕ್ಕರೆ ಕೊನೆಯ ಎರಡು ದಿನಗಳನ್ನು ಅದಲುಬದಲು ಮಾಡಿದರಾಯಿತು. ಮಳೆಯಾದರೆ ದೊರ್ದೋನ್ ದಿನವನ್ನು ಸಾರ್ಲಾದ ದಿನದೊಡನೆ ಬದಲಿಸಬಹುದು. ಸಂತೆಯ ಬೆಳಗನ್ನು ಮಾತ್ರ ಕಳೆದುಕೊಳ್ಳುತ್ತೀರಿ, ಅದೂ ಶನಿವಾರ ಹೊರಡುವ ಮುನ್ನ ಮತ್ತೆ ಸಿಗುತ್ತದೆ.

ಪ್ರತಿದಿನ ರಾತ್ರಿ ಮಲಗುವ ಮುನ್ನ ಮೆತೆಯೋ ಫ್ರಾನ್ಸ್‌ನ ಹವಾಮಾನ ನೋಡಿ, ಮರುದಿನದ ಟಿಕೆಟ್ಟಿನ ಹೊತ್ತನ್ನು ಇನ್ನೊಮ್ಮೆ ಓದಿ, ಪೆಟ್ರೋಲ್ ಮುಳ್ಳನ್ನು ಗಮನಿಸಿ. ಭಾನುವಾರ ಮತ್ತು ರಾತ್ರಿ ಹೊತ್ತು ಸೂಪರ್‌ಮಾರ್ಕೆಟ್ಟುಗಳ ಬಂಕುಗಳಲ್ಲಿ ಆಳಿರುವುದಿಲ್ಲ, ಯಂತ್ರಕ್ಕೆ ಕಾರ್ಡ್ ಹಾಕಿ ಪಿನ್ ಒತ್ತಬೇಕು. ವಿದೇಶದಲ್ಲಿ ಬಳಸಲು ನಿಮ್ಮ ಬ್ಯಾಂಕಿನಲ್ಲಿ ಸಕ್ರಿಯಗೊಳಿಸಿದ ಎರಡು ಕಾರ್ಡುಗಳು ಕೈಯಲ್ಲಿರಲಿ. ಒಂದನ್ನು ಯಂತ್ರ ಒಪ್ಪದಿದ್ದರೆ ಇನ್ನೊಂದನ್ನು ಹಾಕಬಹುದು.